ಹದಿನೇಳನೇ ನಿಮಿಷ

ಹುಲಗಪ್ಪಜ್ಜನ ಫೋನು ಬಂದಾಗ
ನಾನು ಮೋಟೆಬೆನ್ನೂರ ಕ್ರಾಸಿನ್ಯಾಗ ಚಾ ಕುಡೀತಿದ್ದೆ.
"ಚಿತ್ರ ಚೌಕ ಚೌಕ ಆಗಿ ಒಡೀತೈತಿ ಮೌಲಾಲಿ,
ಶಬ್ದ ಅಂತೂ ನುಂಗಿ ನುಂಗಿ ಬರತೈತಿ
ಗಂಟಲಾಗ ತುತ್ತು ಸಿಕ್ಕವರ ಗತೆ.
ಮಳಿ ಇಲ್ಲ, ಮಾಡ ಇಲ್ಲ. ರೊಕ್ಕಾನೂ ತುಂಬೇನಿ."

ಸುಗ್ಗ್ಯಾಗ ಬ್ಯಾಡಗಿಯ ಗಾಳಿಗೇ ಖಾರ.
ಪ್ಯಾಟಿ ದಾಟೂದ್ರಾಗ ಏಳು ಸೀನು.
ಮೀಟರು, ಪಾನಾ, ಒಂದು ಡಬ್ಬಿ ಕನೆಕ್ಟರು,
ಗಾಡಿ ಡಿಕ್ಕಿಯೊಳಗ ಇಷ್ಟ ನನ್ನ ಬದುಕು.

ಪೆಟ್ಟಿಗಿ ಮುಟ್ಟಿ ನೋಡಿದೆ. ಜ್ವರ ಇರಲಿಲ್ಲ.
ಆದ್ರೂ ಮ್ಯಾಲೆ ಹೊಚ್ಚಿದ್ದ ಕಸೂತಿ ಬಟ್ಟಿ ತಗದೆ,
ಉಸಿರಾಡ್ಲಿ ಅಂತ.
ಸಿಗ್ನಲ್ ಎಂಬತ್ತು, ಎಂಬತ್ತೆರಡು, ಹಸರೋ ಹಸರು.
ಡಾಕ್ಟರ್ ಮುಂದ ಕುಂತಾಗ ಯಾರಿಗೂ ಕೆಮ್ಮು ಬರೂದಿಲ್ಲ.

"ರಿಕಾರ್ಡ್ ಮಾಡಿದ್ದು ಹಚ್ಚಜ್ಜ," ಅಂದೆ.
ಹದಿನೇಳನೇ ನಿಮಿಷಕ್ಕ ಒಡೀತು.
ಹಿಂದ ಸರಿಸಿ ಹಚ್ಚಿದೆ, ಅಲ್ಲೇ ಒಡೀತು.
ಮೂರನೇ ಸಲಾನೂ ಅಲ್ಲೇ,
ಅದ ಚೌಕ, ಅದ ಮೌನ.

ಹೊಸದಾಗಿ ಕೆಲಸಕ್ಕ ಬಂದ ಹುಡುಗರಿಗೆ ಇದನ್ನ ಹೇಳತೇನಿ:
ಒಂದೊಂದು ಸಲ ಒಂದೊಂದು ಕಡೆ ಒಡದ್ರ
ನೆನಪು ಸವದೈತಿ, ಡಿಸ್ಕ್ ಬದಲಿಸು.
ಪ್ರತಿ ಸಲ ಅಲ್ಲೇ ಒಡದ್ರ
ನೆನಪಿನ ತಪ್ಪಿಲ್ಲ.
ಕೇಳೂ ಹೊತ್ತಿನ್ಯಾಗ ಅದಕ್ಕ ಕೇಳಿಸಿಲ್ಲ, ಅಷ್ಟ.

ಸೋಮವಾರದ್ದು ಆರಕ್ಕ. ಬುಧವಾರದ್ದು ಆರೂ ಹತ್ತಕ್ಕ.
ದಿನಾ ಸಂಜೀ ಮುಂದ.
ಸಂಜೀ ಮುಂದ ಆಕಾಶಕ್ಕ ಏನಾಗತೈತಿ?
ಬಾಜೂ ಮನಿಯಾವ ಹೊಸಾ ಟವರ್ ತೋರಿಸಿದ.
ನಮ್ಮ ಸೀಮಿಯ ಡಿಶ್ ನೆತ್ತಿ ನೋಡತೈತಿ ಯಜಮಾನ್ರ,
ಓಣಿ ಕಡೆ ಅದು ಕಣ್ಣೆತ್ತೂದೂ ಇಲ್ಲ.

ಮಾಳಿಗಿ ಏರಿದೆ.
ಸಾವಕಾರರ ಮೆಣಸಿನಕಾಯಿ ಅಂಚಿನ ತನಕ ಕೆಂಪಗ ಹಾಸಿತ್ತು.
ನಡುವ ಕುಂತು ತೊಟ್ಟು ಬಿಡಿಸ್ತಿದ್ದಳು
ಅಜ್ಜನ ಸೊಸಿ ರೇಣವ್ವ.
"ಸಂಜಿಗೆ ಇದನ್ನೆಲ್ಲಾ ಹೆಂಗ ಗುಡ್ಡಿ ಹಾಕ್ತಿ, ತೋರಸವ್ವ."
ತೋರಿಸಿದಳು: ಬಳದಳು, ತಾಡಪತ್ರಿ ಎಳದಳು,
ಗಾಳಿಗೆ ಹಾರಬಾರದಂತ
ಹಳೇ ಒಳಕಲ್ಲಿನ ಗುಂಡು ಎತ್ತಿ ಮೂಲಿಗಿಟ್ಟಳು.

ಕೈಯಾಗಿನ ಮೀಟರು ಮೂವತ್ತಕ್ಕ ಬಿತ್ತು.

ಕಲ್ಲಿನ ಕೆಳಗ ಕೇಬಲ್ಲು,
ಚಪ್ಪಟಿಯಾಗಿ, ಸಂಡಿಗಿ ಆಗಿತ್ತು.
ಗಾಳಿ ತಾಡಪತ್ರಿ ಎತ್ತಿದಾಗೊಮ್ಮೆ ಬರತಿತ್ತು,
ಇಳಿಸಿದಾಗೊಮ್ಮೆ ಹೋಗತಿತ್ತು.
"ತಪ್ಪು ನಂದಾ?" ಅಂದಳು ರೇಣವ್ವ, ಮಾರಿ ಸಣ್ಣದು ಮಾಡಿ.
"ಇಲ್ಲವ್ವ. ನಾಕು ವರ್ಷದ ಹಿಂದ
ಕ್ಲಿಪ್ ಹೊಡೀದ, ನೆಲದ ಮ್ಯಾಲೆ ಬಿಟ್ಟು ಹೋದಾವ ನಾನ."

ಕೊಯ್ದೆ, ಜೋಡಿಸಿದೆ, ಪ್ಯಾರಾಪೆಟ್ಟಿಗೆ ಏರಿಸಿದೆ.
ಕಣ್ಣಾಗ ನೀರು, ಖಾರದ್ದು.

ಕೆಳಗ ಅಜ್ಜ ಅದನ್ನ ಹಚ್ಚಿಕೊಂಡು ಕುಂತಿದ್ದ.
ಅವಂದ ಮಾರಿ, ಉಬ್ಬಿದ ಗಲ್ಲ,
ಸನಾದಿ ಮ್ಯಾಲೆ ಬೆರಳು.
ಮತ್ತ ಚೌಕ.
ನಲವತ್ತು ಸೆಕೆಂಡ್ ಆದ ಮ್ಯಾಲೆ ಯಾರೋ ಚಪ್ಪಾಳಿ ತಟ್ಟಿದ್ರು.

"ಇನ್ನ ಮುಂದ ಒಡೆಯೂದಿಲ್ಲಜ್ಜ. ಆದ್ರ
ಹೋದದ್ದನ್ನ ತರಾಕ ನನ್ನ ಕೈಲೆ ಆಗೂದಿಲ್ಲ."

ಅಜ್ಜ ಬಾಗಲ ಕಡೆ ನೋಡಿ ದನಿ ಇಳಿಸಿದ:
"ಅಲ್ಲೇ ಉಸಿರು ಕೈಕೊಟ್ಟಿತ್ತೋ.
ಮ್ಯಾಲಿನ ಷಡ್ಜಕ್ಕ ಹತ್ತಾಕ ಹೋಗಿ ಜಾರಿದ್ದೆ.
ಆರಕ್ಕ ಊರಾಗ ಯಾರು ಟೀವಿ ನೋಡ್ತಾರ, ಎಲ್ಲಾರೂ ತೊಟ್ಟಿನಾಗ.
ಬೀಗರು ಬಂದಾಗ ಇದನ್ನ ಹಚ್ಚತೇನಿ.
ಪೆಟ್ಟಿಗಿ ಕೆಟ್ಟೈತಿ, ಛೇ, ಎಂಥಾ ಜಾಗಾದಾಗ ಹೋತು ಅಂತಾರ.
ಹೌದ್ರಿ, ಅಂತೇನಿ."

"ಮತ್ತ ನನ್ನ ಯಾಕ ಕರಸಿದಿ?"
"ರೇಣವ್ವನ ಧಾರಾವಾಹಿ ಐತಲ್ಲ.
ಅದು ಚೊಲೋ ಬರ್ಲಿ.
ಇದೊಂದನ್ನ ಅಳಸಬ್ಯಾಡ."

ಚೀಟಿ ಬರದೆ: ಕನೆಕ್ಟರು ಎರಡು, ಕ್ಲಿಪ್ಪು ಹನ್ನೆರಡು.
ದೋಷ ಅನ್ನೂ ಜಾಗಾ ಖಾಲಿ ಬಿಟ್ಟೆ.
ಅರ್ಧಾ ರೊಕ್ಕ ಕೊಟ್ಟ, ಉಳಿದದ್ದಕ್ಕ
ಹಾಳಿಯಾಗ ಸುತ್ತಿದ ಎರಡು ಹಿಡಿ ಮೆಣಸಿನಕಾಯಿ.

ಓಣಿ ತಿರುವಿನ್ಯಾಗ
ಎಂಟನೇ ಸೀನು.